ಬುಟ್ಟಿ ಇಳಿಯಿತು, ಜಾತಿ ಇಳಿಯಲಿಲ್ಲ



ಹಾವಾಡಿಗರ ಬಗ್ಗೆ ಈ ನಾಡಿನಲ್ಲಿ ಎರಡು ಬಗೆಯ ಮಾತು ಆಡ್ತಾರೆ. "ಎಂಥಾ ಜಾನಪದ ಕಲೆ, ನಶಿಸಿಹೋಯ್ತಲ್ಲ, ಉಳಿಸಬೇಕು" ಅನ್ನೋದು ಒಂದು. "ಹಾವಿನ ಹಲ್ಲು ಕೀಳುವ ಕಟುಕರು, ಹಿಡಿದು ಒಳಗೆ ಹಾಕಬೇಕು" ಅನ್ನೋದು ಇನ್ನೊಂದು. ಮೊದಲನೆಯದು ವಿಚಾರ ಸಂಕಿರಣಗಳಲ್ಲಿ ಕೇಳುತ್ತದೆ. ಎರಡನೆಯದು ವಾಚಕರ ವಾಣಿಯಲ್ಲಿ ಅಚ್ಚಾಗುತ್ತದೆ. ಎರಡು ಮಾತನ್ನೂ ಆಡುವವರು ಓದಿದವರು, ಮನೆ ಇರುವವರು, ರಾತ್ರಿಯ ಊಟದ ಚಿಂತೆ ಇಲ್ಲದವರು. ಬುಟ್ಟಿ ಹೊತ್ತವನು ಮಾತ್ರ ಎರಡು ಕಡೆಯೂ ಇಲ್ಲ. ಅವನನ್ನು ಯಾರೂ ಕೇಳಿಲ್ಲ.

ನಾವು ಈ ಇಬ್ಬರ ಜೊತೆಗೂ ಇಲ್ಲ. ನಮ್ಮ ಮಾತು ಇಷ್ಟೇ: ಹಾವಾಡಿಸುವ ಕಸುಬು ಸಾಯಲಿ, ಹಾವಾಡಿಗ ಬದುಕಲಿ. ಸರ್ಕಾರ ಇದರಲ್ಲಿ ಅರ್ಧ ಕೆಲಸ ಮಾಡಿ ಕೈ ತೊಳೆದುಕೊಂಡಿದೆ. ಉಳಿದರ್ಧ ಹಾಗೇ ಬಿದ್ದಿದೆ. ಅದನ್ನು ಎತ್ತಿಕೊಳ್ಳುವವರು ಯಾರು?

ಮೊದಲು ನಿಜ ಮಾತಾಡೋಣ. ಪುಂಗಿ ಅಂದರೆ ಒಣಗಿದ ಸೋರೆಬುರುಡೆ, ಅದಕ್ಕೆ ಜೇನುಮೇಣ ಮೆತ್ತಿ ಕೂರಿಸಿದ ಎರಡು ಕೊಳವೆ. ಒಂದು ಕೊಳವೆ ಒಂದೇ ಶ್ರುತಿ ಹಿಡಿದು ನಿಲ್ಲುತ್ತದೆ. ಇನ್ನೊಂದರ ತೂತುಗಳ ಮೇಲೆ ಬೆರಳು ಆಡುತ್ತವೆ. ಕೆನ್ನೆ ಉಬ್ಬಿಸಿ ಉಸಿರು ಕಡಿಯದ ಹಾಗೆ ಊದಬೇಕು. ಅದು ಎಳೆವಯಸ್ಸಿನಿಂದ ಕಲಿತವನಿಗೆ ಮಾತ್ರ ಒಲಿಯುವ ವಿದ್ಯೆ. ಅಷ್ಟು ಕಷ್ಟಪಟ್ಟು ಊದಿದ ರಾಗಕ್ಕೆ ಹಾವು ತಲೆದೂಗುತ್ತದೆ ಅನ್ನೋದು ಮಾತ್ರ ಸುಳ್ಳು. ಹಾವಿಗೆ ಹೊರಗಿವಿ ಇಲ್ಲ. ನೆಲದ ಅದುರು ಅದರ ದವಡೆಗೆ ತಿಳಿಯುತ್ತದೆ, ರಾಗ ತಾಳ ತಿಳಿಯುವುದಿಲ್ಲ. ಕತ್ತಲ ಬುಟ್ಟಿಯ ಮುಚ್ಚಳ ತೆಗೆದಾಗ ಅದು ಬೆದರಿ ಹೆಡೆ ಎತ್ತುತ್ತದೆ. ಎದುರಿಗೆ ಆಡುವ ಪುಂಗಿಯನ್ನು ಶತ್ರು ಅಂದುಕೊಂಡು ಅದು ಹೋದ ಕಡೆಗೆಲ್ಲ ತಾನೂ ತಿರುಗುತ್ತದೆ. ನಾವು ನಾಗರಹಾವಿನ ನಾಟ್ಯ ಅಂದುಕೊಂಡದ್ದು ನಾಗರಹಾವಿನ ಭಯ.

ಹಾಲಿನ ಕತೆಯೂ ಇಂಥದ್ದೇ. ಹಾವು ಹಾಲು ಕುಡಿಯುವ ಪ್ರಾಣಿಯೇ ಅಲ್ಲ. ಪಂಚಮಿಗೆ ಮುಂಚೆ ದಿನಗಟ್ಟಲೆ ನೀರಿಲ್ಲದೆ ಒಣಗಿಸಿದ ಹಾವು ಬಾಯಾರಿಕೆಗೆ ಎದುರಿಗಿಟ್ಟದ್ದನ್ನು ಹೀರುತ್ತದೆ. ಹಿಡಿದ ಹಾವಿನ ವಿಷದ ಹಲ್ಲು ಕೀಳುತ್ತಾರೆ. ಹಲ್ಲು ಮತ್ತೆ ಬರುತ್ತದೆ, ಮತ್ತೆ ಕೀಳುತ್ತಾರೆ. ಬಾಯಿ ಹುಣ್ಣಾಗಿ, ತಿನ್ನಲಾರದೆ ಹಾವು ಸಾಯುತ್ತದೆ. ಆಮೇಲೆ ಇನ್ನೊಂದು ಹಾವು ಹಿಡಿಯಬೇಕು. ಹಾವಾಡಿಗ ಮಾರುವ ತಾಯತ, ವಿಷ ಹೀರುತ್ತದೆ ಅನ್ನುವ ಕಪ್ಪು ಕಲ್ಲು, ಯಾವುದೂ ವಿಷ ಇಳಿಸುವುದಿಲ್ಲ. ಅದನ್ನು ನಂಬಿ ಆಸ್ಪತ್ರೆಗೆ ತಡವಾಗಿ ಹೋದವನು ಬದುಕುವುದಿಲ್ಲ.

ಇದನ್ನು ನಾವು ಮುಚ್ಚಿಡಬಾರದು. ನಮ್ಮವರು ಹೇಳಿದ ಸುಳ್ಳೂ ಸುಳ್ಳೇ. ಪುರೋಹಿತನ ಮಂತ್ರವನ್ನು ಬಯ್ಯುವ ಬಾಯಿ ಹಾವಾಡಿಗನ ಮಂತ್ರಕ್ಕೆ ಹೊಲಿದುಕೊಂಡರೆ ಅದು ವಿಚಾರವಾದ ಅಲ್ಲ, ಬರೀ ಜಗಳ.

ಆದರೆ ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಹಾವಿಗೆ ಹಾಲೆರೆಯಿರಿ ಅಂತ ಊರಿಗೆ ಹೇಳಿಕೊಟ್ಟವನು ಯಾರು? ಹಾವಾಡಿಗನಾ? ಹಾವನ್ನು ದೇವರು ಮಾಡಿದವನು ಅವನಲ್ಲ. ಸರ್ಪದೋಷ ಅಂತ ಹೆದರಿಸಿದವನೂ ಅವನಲ್ಲ. ಮದುವೆ ಆಗದಿದ್ದರೆ ನಾಗದೋಷ, ಮಕ್ಕಳಾಗದಿದ್ದರೆ ನಾಗದೋಷ, ತೊನ್ನು ಬಂದರೆ ನಾಗದೋಷ ಅಂತ ಪಂಚಾಂಗ ಬಿಚ್ಚಿದವನು ಬೇರೆ. ಆ ಭಯದ ಸಂತೆಯಲ್ಲಿ ಹಾವಾಡಿಗ ಒಂದು ಮೂಲೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತವನು ಅಷ್ಟೇ. ಅವನ ಪಾಲಿಗೆ ಬಿದ್ದದ್ದು ಒಂದು ಬೊಗಸೆ ರಾಗಿ, ಒಂದು ಹಳೇ ಸೀರೆ, ನಾಕು ಕಾಸು. ಉಳಿದ ಲಾಭ ಎಲ್ಲಿಗೆ ಹೋಯ್ತು ನೋಡಿ.

ಕುಕ್ಕೆ ಸುಬ್ರಹ್ಮಣ್ಯ ನಮ್ಮ ರಾಜ್ಯದ ಮುಜರಾಯಿ ದೇವಸ್ಥಾನಗಳಲ್ಲಿ ಆದಾಯದಲ್ಲಿ ಮೊದಲು. ವರ್ಷದ ಹುಟ್ಟುವಳಿ 100 ಕೋಟಿ ದಾಟಿದೆ. ಅಲ್ಲಿ ಸರ್ಪಸಂಸ್ಕಾರಕ್ಕೆ, ಆಶ್ಲೇಷ ಬಲಿಗೆ ರಸೀದಿ ಹರಿಸಿ ಕಾಯುತ್ತಾರೆ. ಅದೇ ಜಾಗದಲ್ಲಿ ಚಂಪಾಷಷ್ಠಿಯಂದು ಬ್ರಾಹ್ಮಣರು ಉಂಡ ಎಂಜಲೆಲೆಯ ಮೇಲೆ ಉರುಳಿದರೆ ಚರ್ಮರೋಗ ಹೋಗುತ್ತದೆ ಎಂದು ನಂಬಿಸಿ ನಮ್ಮವರನ್ನು ಉರುಳಿಸಿದರು. ಆ ಮಡೆಸ್ನಾನವನ್ನು ನಿಲ್ಲಿಸಲು ವರ್ಷಗಟ್ಟಲೆ ಹೋರಾಟ ಬೇಕಾಯಿತು. ಕರ್ನಾಟಕದ 2017ರ ಮೌಢ್ಯ ವಿರೋಧಿ ಕಾಯ್ದೆಯಲ್ಲಿ ಅದು ನಿಷೇಧದ ಪಟ್ಟಿಗೆ ಸೇರಿತು. ಆ ಕಾಯ್ದೆ ಜಾರಿಗೆ ಬಂದದ್ದು 2020ರಲ್ಲಿ. ಒಂದೇ ಹಾವಿನ ಹೆಸರಿನಲ್ಲಿ ಒಬ್ಬನಿಗೆ ದಕ್ಷಿಣೆ, ಇನ್ನೊಬ್ಬನಿಗೆ ಎಂಜಲು.

ತುಳುನಾಡಿನ ನಾಗಮಂಡಲ ನೋಡಿ. ಐದು ಬಣ್ಣದ ಪುಡಿಯಲ್ಲಿ ನೆಲದ ಮೇಲೆ ಹಾವಿನ ಚಿತ್ರ ಬರೆಯುತ್ತಾರೆ. ಡಕ್ಕೆ ಬಾರಿಸುತ್ತಾ ವೈದ್ಯರು ಸುತ್ತ ಕುಣಿಯುತ್ತಾರೆ. ಪಾತ್ರಿ ಹಿಂಗಾರ ಹಿಡಿದು ದರ್ಶನದಲ್ಲಿ ಆಡುತ್ತಾನೆ. ಲಕ್ಷಗಟ್ಟಲೆ ಖರ್ಚು, ಸಾವಿರಾರು ಜನಕ್ಕೆ ಊಟ. ಕುಣಿಯುವವರು ಬ್ರಾಹ್ಮಣರು. ಬರೆದ ಹಾವಿನ ಸುತ್ತ ಕುಣಿದವರಿಗೆ ಜನ ಕೈಮುಗಿಯುತ್ತಾರೆ. ಜೀವ ಇರುವ ಹಾವಿನ ಮುಂದೆ ಕೂತು ಊದಿದವನಿಗೆ "ದೂರ ಕೂತ್ಕೊಳ್ಳೋ" ಅಂತಾರೆ. ಇದು ಹಾವಿಗೆ ಸಂಬಂಧಪಟ್ಟ ವಿಷಯವೇ ಅಲ್ಲ ಗೆಳೆಯರೇ. ಯಾರು ಕುಣಿದರು, ಯಾರು ಊದಿದರು ಅನ್ನೋದರ ವಿಷಯ.

ಕಲ್ಲು ನಾಗನಿಗೆ ಪೂಜೆ, ಜೀವದ ನಾಗನಿಗೆ ದೊಣ್ಣೆ ಎಂಬ ಈ ಇಬ್ಬಂದಿತನವನ್ನು ಹನ್ನೆರಡನೇ ಶತಮಾನದಲ್ಲೇ ಬಸವಣ್ಣ ಬಯಲಿಗೆಳೆದ. ಆ ಲೆಕ್ಕಕ್ಕೆ ನಾವು ಮೂರನೆಯವನೊಬ್ಬನನ್ನು ಸೇರಿಸಬೇಕಾಗಿದೆ. ಕಲ್ಲಿನ ಹಾವಿಗೆ ಈಗಲೂ ಹಾಲಿದೆ. ಜೀವದ ಹಾವಿಗೆ ಈಗ ಕಾನೂನಿನ ರಕ್ಷಣೆ ಇದೆ. ಹಾವು ಹಿಡಿದ ಕೈಗೆ ಏನಿದೆ?

ಸಿನಿಮಾದವರ ಕತೆಯೂ ಬೇರೆ ಅಲ್ಲ. ಮದುವೆ ಮೆರವಣಿಗೆಯಲ್ಲಿ ಕರವಸ್ತ್ರ ಬಾಯಿಗೆ ಕಚ್ಚಿಕೊಂಡು ನಮ್ಮ ಹುಡುಗರು ಕುಣಿಯೋ ಪುಂಗಿಯ ರಾಗ 1954ರ 'ನಾಗಿನ್' ಎಂಬ ಹಿಂದಿ ಚಿತ್ರದಿಂದ ಮನೆಮಾತಾಯಿತು. ಆ ಪುಂಗಿಯ ದನಿಯೂ ಪುಂಗಿಯದಲ್ಲ. ಕ್ಲಾವಿಯೋಲಿನ್ ಎಂಬ ವಿದ್ಯುತ್ ವಾದ್ಯದಲ್ಲಿ, ಹಾರ್ಮೋನಿಯಂನಲ್ಲಿ ಸ್ಟುಡಿಯೋದ ಸಂಗೀತಗಾರರು ನುಡಿಸಿದ್ದು. ಹಾವಾಡಿಗನ ದನಿ ದೇಶಕ್ಕೆಲ್ಲ ಬೇಕಾಯಿತು, ಹಾವಾಡಿಗ ಬೇಕಾಗಲಿಲ್ಲ.

ಹಾಗಾದರೆ ಅವನು ಈ ಕಸುಬಿಗೆ ಬಂದದ್ದು ಯಾಕೆ? ಇಷ್ಟಪಟ್ಟು ಬಂದನಾ? ಊರೊಳಗೆ ಅವನಿಗೆ ಜಾಗ ಇರಲಿಲ್ಲ. ಹೊಲ ಇರಲಿಲ್ಲ. ಇವತ್ತು ಈ ಊರಿನ ಕೆರೆ ಏರಿ, ನಾಳೆ ಆ ಊರಿನ ಸಂತೆ ಮಾಳ. ಮನೆಯ ಅಟ್ಟದಲ್ಲೋ ಕಣಜದಲ್ಲೋ ಹಾವು ಕಂಡಾಗ ಮಾತ್ರ "ಬಾರಪ್ಪ" ಅಂತ ಊರೊಳಗೆ ಕರೆಯುತ್ತಿದ್ದರು. ಹಾವು ಬುಟ್ಟಿಗೆ ಬಿದ್ದ ಮೇಲೆ "ಹೋಗಪ್ಪ" ಅಂತಿದ್ದರು. ಅಲೆಯುವ ಜನ ಅಂದರೆ ಕಳ್ಳರು ಅನ್ನೋ ಅನುಮಾನಕ್ಕೆ ಬ್ರಿಟಿಷರು 1871ರಲ್ಲಿ ಕಾನೂನಿನ ಮುದ್ರೆಯನ್ನೇ ಒತ್ತಿದರು. ಹುಟ್ಟಿನಿಂದಲೇ ಅಪರಾಧಿ ಅನ್ನುವ ಆ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರಲ್ಲಿ ರದ್ದಾಯಿತು. ಕಾಗದದ ಮೇಲೆ ರದ್ದಾದದ್ದು ಪೊಲೀಸರ ಕಣ್ಣಿನಿಂದ ಹೋಗಲಿಲ್ಲ. ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ, ಅಲೆಮಾರಿಗಳನ್ನು ರೂಢಿಗತ ಅಪರಾಧಿಗಳೆಂದು ನೋಡುವ ನಿಯಮಗಳನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಲು 2024ರ ಅಕ್ಟೋಬರ್ ಬರಬೇಕಾಯಿತು.

ಜಾತಿ ಎಂಬುದು ಬರೀ ಕೆಲಸದ ಹಂಚಿಕೆಯಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಎಂದು ಒಡೆದಿಡುವ ಏರ್ಪಾಟು ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬಿಡಿಸಿ ಹೇಳಿದರು. ಅದಕ್ಕೂ ಮುಂಚೆ 1927ರಲ್ಲಿ ಮಹಾಡಿನಲ್ಲಿ, ಸತ್ತ ದನ ಹೊರುವುದನ್ನು ಬಿಡಿ, ಅದರ ಮಾಂಸ ತಿನ್ನುವುದನ್ನು ಬಿಡಿ ಎಂದು ಕರೆ ಕೊಟ್ಟಿದ್ದರು. ಬಿಟ್ಟರೆ ಹೊಟ್ಟೆಗೆ ಏನು ಅನ್ನೋದು ಅವರಿಗೆ ತಿಳಿಯದ್ದಲ್ಲ. ಅದಕ್ಕೇ ಬಿಡಿ ಅಂದ ಬಾಯಿಂದಲೇ ಓದಿ ಅಂದರು, ಹಕ್ಕು ಕೇಳಿ ಅಂದರು. ಕೀಳು ಕಸುಬು ಬಿಡುವುದು, ಹೊಸ ಬಾಗಿಲು ತೆರೆಯುವುದು ಎರಡೂ ಒಂದೇ ಹೆಜ್ಜೆ. ಹಾವಾಡಿಗನ ವಿಷಯದಲ್ಲಿ ಈ ಹೆಜ್ಜೆಯನ್ನು ಎರಡು ತುಂಡು ಮಾಡಿದ್ದಾರೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದೂ ಅದರ ಮುಂದಿನ ತಿದ್ದುಪಡಿಗಳೂ ಸೇರಿ ಇವತ್ತು ನಾಗರಹಾವು ಹಿಡಿಯುವುದು, ಇಟ್ಟುಕೊಳ್ಳುವುದು, ಆಡಿಸಿ ಕಾಸು ಕೇಳುವುದು ಅಪರಾಧ. ಕಾನೂನು ಸರಿಯೇ. ಹಾವಿಗೂ ಬದುಕುವ ಹಕ್ಕಿದೆ. ಹೊಲದ ಇಲಿ ತಿಂದು ರೈತನ ಕಾಳು ಉಳಿಸುವುದು ಅದೇ ಹಾವು. ಆದರೆ ಬುಟ್ಟಿ ಕಸಿದುಕೊಂಡ ಸರ್ಕಾರ ಆ ಖಾಲಿ ಕೈಗೆ ಏನು ಕೊಟ್ಟಿತು? ಸಕ್ಕರೆ ಕಾರ್ಖಾನೆ ಮುಚ್ಚಿದರೆ ಪರಿಹಾರದ ಮಾತು ಬರುತ್ತದೆ. ಅಣೆಕಟ್ಟೆಗೆ ಹೊಲ ಮುಳುಗಿದರೆ ಪುನರ್ವಸತಿಯ ಮಾತು ಬರುತ್ತದೆ. ತಲೆಮಾರುಗಳಿಂದ ನಡೆದು ಬಂದ ಕಸುಬೊಂದನ್ನು ಒಂದು ಗೆರೆಯಲ್ಲಿ ಅಳಿಸಿದಾಗ ಅಳಿಸಿಹೋದವರು ಎಷ್ಟು ಜನ ಅಂತ ಎಣಿಸುವ ಗೋಜಿಗೂ ಹೋಗಲಿಲ್ಲ. ಕಾನೂನು ಬುಟ್ಟಿ ಇಳಿಸಿತು, ಜಾತಿ ಇಳಿಸಲಿಲ್ಲ. ಪುಂಗಿ ಬಿಟ್ಟವನನ್ನು ಊರು ಇವತ್ತಿಗೂ ಹಾವಾಡಿಗ ಅಂತಲೇ ಕರೆಯುತ್ತದೆ. ಬಾಡಿಗೆ ಮನೆ ಕೊಡುವುದಿಲ್ಲ, ಹೋಟೆಲಿನ ಕೆಲಸಕ್ಕೂ ಅನುಮಾನ ಪಡುತ್ತದೆ.

ಈ ದೇಶಕ್ಕೆ ಹಾವಾಡಿಗ ಅಂದರೆ ನಾಚಿಕೆ. 'ಹಾವಾಡಿಗರ ದೇಶ' ಅಂತ ವಿದೇಶದವರು ಅಂದರೆ ನಮ್ಮ ಮೇಲಿನವರಿಗೆ ಮೈಯೆಲ್ಲ ಉರಿಯುತ್ತದೆ. 2014ರಲ್ಲಿ ನ್ಯೂಯಾರ್ಕಿನ ದೊಡ್ಡ ಸಭೆಯಲ್ಲಿ ಪ್ರಧಾನಿಯವರು, ಪೂರ್ವಿಕರು ಹಾವು ಆಡಿಸುತ್ತಿದ್ದರು, ನಮ್ಮವರು ಈಗ ಕಂಪ್ಯೂಟರಿನ ಮೌಸ್ ಆಡಿಸುತ್ತಾರೆ ಎಂಬರ್ಥದ ಮಾತಾಡಿ ಚಪ್ಪಾಳೆ ಗಿಟ್ಟಿಸಿದರು. ಸರಿ ಸ್ವಾಮಿ, ಮೌಸ್ ಹಿಡಿದವರ ಮಕ್ಕಳನ್ನು ನೋಡಿದ್ದೇವೆ. ಹಾವು ಹಿಡಿದವರ ಮಕ್ಕಳು ಎಲ್ಲಿ? ದೇಶಕ್ಕೆ ನಾಚಿಕೆಯಾದದ್ದು ಪುಂಗಿಯ ಚಿತ್ರಕ್ಕೆ. ಊದುವವನ ಹಸಿದ ಹೊಟ್ಟೆಗೆ ಯಾವ ಕಾಲದಲ್ಲೂ ನಾಚಿಕೆ ಆಗಲಿಲ್ಲ.

ಕಸುಬು ಹೋದ ಮೇಲೆ ಬೇರೆ ಕಡೆ ಏನಾಯಿತು ಅಂತ ಎರಡು ಉದಾಹರಣೆ ನೋಡೋಣ.

ಒಂದು ರಾಜಸ್ಥಾನದ್ದು. ಅಲ್ಲಿನ ಕಾಲಬೇಲಿಯರು ಹಾವಾಡಿಗರೇ, ಪರಿಶಿಷ್ಟ ಜಾತಿಗೆ ಸೇರಿದವರು. ಹಾವು ಹೋದ ಮೇಲೆ ಅವರ ಹೆಣ್ಣುಮಕ್ಕಳ ಕುಣಿತ ಉಳಿಯಿತು. ಹುಟ್ಟಿದ ದಿನವೇ ಹೆಣ್ಣೆಂದು ಮಣ್ಣಿನಲ್ಲಿ ಹೂತು ಮತ್ತೆ ಮೇಲೆತ್ತಿದ ಕೂಸು ಗುಲಾಬೋ ಸಪೇರಾ. ಆಕೆ 1985ರಲ್ಲಿ ಅಮೆರಿಕದ ಭಾರತ ಉತ್ಸವದಲ್ಲಿ ಕುಣಿದರು. 2010ರಲ್ಲಿ ಕಾಲಬೇಲಿಯ ಹಾಡು ಕುಣಿತ ಯುನೆಸ್ಕೋ ಪಟ್ಟಿಗೆ ಸೇರಿತು. 2016ರಲ್ಲಿ ಗುಲಾಬೋ ಅವರಿಗೆ ಪದ್ಮಶ್ರೀ ಬಂತು. ಆ ತಾಯಿಗೆ ನಮ್ಮ ಶರಣು. ಆದರೆ ಅದೇ ಕಾಲಬೇಲಿಯರು ಸತ್ತವರನ್ನು ಹೂಳುವ ಜನ. ಹೂಳೋಕೆ ಆರಡಿ ಜಾಗಕ್ಕೂ ಊರೂರಲ್ಲಿ ಕಾದಾಡಬೇಕು. ಕುಣಿತಕ್ಕೆ ವಿಶ್ವದ ವೇದಿಕೆ, ಹೆಣಕ್ಕೆ ಮಣ್ಣಿಲ್ಲ. ಕಲೆ ಉಳಿಸಿ ಅನ್ನುವವರು ಇದನ್ನು ನೋಡಲಿ. ಕಲೆಯೊಂದೇ ಉಳಿದರೆ ಜನ ಉಳಿಯುವುದಿಲ್ಲ.

ಇನ್ನೊಂದು ತಮಿಳುನಾಡಿನದು. ಅಲ್ಲಿನ ಇರುಳರು ಪುಂಗಿ ಊದಿದವರಲ್ಲ. ಹಾವು, ಇಲಿ ಹಿಡಿದು ಬದುಕಿದ ಬುಡಕಟ್ಟಿನವರು, ಹಾವಿನ ಚರ್ಮ ಮಾರುತ್ತಿದ್ದವರು. ಚರ್ಮದ ವ್ಯಾಪಾರಕ್ಕೆ ಕಾನೂನು ತಡೆ ಹಾಕಿದಾಗ ಅವರ ಕೈಯೂ ಖಾಲಿಯಾಯಿತು. ಹಾವುಗಳನ್ನು ಬಲ್ಲ ರೋಮುಲಸ್ ವಿಟೇಕರ್ ಅವರ ಒತ್ತಾಸೆಯಿಂದ 1978ರಲ್ಲಿ ಚೆನ್ನೈ ಬಳಿಯ ವಡನೆಮ್ಮೇಲಿಯಲ್ಲಿ ಇರುಳರದೇ ಸಹಕಾರ ಸಂಘ ಹುಟ್ಟಿತು. ಸರ್ಕಾರದ ಪರವಾನಗಿ ಪಡೆದು ಅವರು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಹಿಡಿಯುತ್ತಾರೆ. ಮಡಕೆಯಲ್ಲಿ ಮೂರು ನಾಲ್ಕು ವಾರ ಇಟ್ಟು ವಿಷ ತೆಗೆಯುತ್ತಾರೆ. ಹೊಟ್ಟೆಯ ಹುರುಪೆಗೆ ಗುರುತು ಮಾಡಿ ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷದಿಂದಲೇ ದೇಶದ ಹಾವು ಕಡಿತದ ಚುಚ್ಚುಮದ್ದು ತಯಾರಾಗುತ್ತದೆ. ಆ ಜನರಲ್ಲಿ ವಡಿವೇಲ್ ಗೋಪಾಲ್, ಮಾಸಿ ಸಡಯ್ಯನ್ ಎಂಬಿಬ್ಬರನ್ನು 2017ರಲ್ಲಿ ಅಮೆರಿಕದ ಫ್ಲಾರಿಡಾದವರು ಹೆಬ್ಬಾವು ಹಿಡಿಯೋಕೆ ಕರೆಸಿಕೊಂಡರು. ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಹೆಬ್ಬಾವು ಹಿಡಿದುಕೊಟ್ಟರು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು.

ಇರುಳರ ಬಡತನ ಇದರಿಂದ ಅಳಿಸಿಹೋಯ್ತು ಅಂತ ನಾವು ಹೇಳುವುದಿಲ್ಲ. ಸಂಘದ ಸದಸ್ಯರು ಕೆಲವು ನೂರು ಜನ, ಇರುಳರು ಲಕ್ಷಗಟ್ಟಲೆ. ಆದರೂ ಒಂದು ಸತ್ಯ ಅಲ್ಲಿ ರುಜುವಾತಾಗಿದೆ. ಕ್ರೂರವಾದ ಕಸುಬನ್ನು ಬಿಡಿಸಿ, ಅದರೊಳಗಿನ ತಿಳಿವಳಿಕೆಯನ್ನು ಮಾತ್ರ ಉಳಿಸಿ, ಅದಕ್ಕೆ ಕೂಲಿ ಕೊಡಲು ಸಾಧ್ಯ. ಮನಸ್ಸಿರಬೇಕು ಅಷ್ಟೇ.

ನಮ್ಮಲ್ಲಿ ಆಗಿದ್ದೇ ಬೇರೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡ ಗಾದೆ ಇದೆಯಲ್ಲ, ಹಾಗೆ. ಯಾವ ಹುಲ್ಲಿನಲ್ಲಿ ಯಾವ ಹಾವು, ಯಾವ ಹೊತ್ತಿಗೆ ಹೊರಗೆ ಬರುತ್ತದೆ, ಹರಿದ ಗುರುತು ಹೇಗಿರುತ್ತದೆ, ಬಾಲ ಎಲ್ಲಿ ಹಿಡಿಯಬೇಕು ಎಂಬುದನ್ನೆಲ್ಲ ಬಡಾವಣೆಗಳು ಏಳುವ ಮುಂಚೆ ಬಲ್ಲವರು ಹಾವಾಡಿಗರು. ಇವತ್ತು ನಗರದ ಬಡಾವಣೆಯಲ್ಲಿ ಹಾವು ಹಿಡಿಯುವವರಿಗೆ 'ಉರಗತಜ್ಞ' ಅಂತ ಹೆಸರು, ಪೇಪರಿನಲ್ಲಿ ಫೋಟೋ. ಅವರಲ್ಲಿ ಒಳ್ಳೆ ಕೆಲಸ ಮಾಡುವವರಿದ್ದಾರೆ, ಅವರ ಮೇಲೆ ನಮ್ಮ ಜಗಳ ಇಲ್ಲ. ಆದರೆ ಅದೇ ಕೈಚಳಕ ಹಾವಾಡಿಗನಲ್ಲಿದ್ದರೆ ಮೊಕದ್ದಮೆ, ಮೇಲಿನವರಲ್ಲಿದ್ದರೆ ಸನ್ಮಾನ ಯಾಕೆ? ಅರಣ್ಯ ಇಲಾಖೆ ಆ ಕೆಲಸಕ್ಕೆ ಹಾವಾಡಿಗರ ಮಕ್ಕಳಿಗೇ ತರಬೇತಿ ಕೊಟ್ಟು, ಗುರುತಿನ ಚೀಟಿ ಕೊಟ್ಟು, ಸಂಬಳ ಕೊಡಲಿ ಎಂದು ಯಾಕೆ ಕೇಳಬಾರದು?

ಈ ತಿಳಿವಳಿಕೆ ಬೇಕಾಗಿಲ್ಲ ಅನ್ನುವ ಹಾಗೂ ಇಲ್ಲ. 2000ದಿಂದ 2019ರವರೆಗೆ ಹಾವು ಕಚ್ಚಿ ಭಾರತದಲ್ಲಿ ಸುಮಾರು 12 ಲಕ್ಷ ಜನ ಸತ್ತರು ಎಂದು 2020ರಲ್ಲಿ ಬಂದ ಅಧ್ಯಯನವೊಂದು ಲೆಕ್ಕ ಹಾಕಿದೆ. ವರ್ಷಕ್ಕೆ ಸರಾಸರಿ 58 ಸಾವಿರ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು, ಅರ್ಧದಷ್ಟು ಜನ ಮಳೆಗಾಲದ ತಿಂಗಳುಗಳಲ್ಲಿ ಸತ್ತವರು. ಮಳೆಗಾಲದಲ್ಲಿ ಬರಿಗಾಲಲ್ಲಿ ಕಳೆ ಕೀಳುವವರು ಯಾರು, ಗುಡಿಸಲ ನೆಲದಲ್ಲಿ ಮಲಗುವವರು ಯಾರು, ನಿಮಗೆ ಹೇಳಬೇಕಾಗಿಲ್ಲ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಒಳ್ಳೆಯದು. ಹಾಡಿಯಲ್ಲಿ, ಹಟ್ಟಿಯಲ್ಲಿ, "ಮಂತ್ರ ಬೇಡ, ಕಟ್ಟು ಬಿಗಿಯಬೇಡ, ಕೊಯ್ಯಬೇಡ, ಕಾಲು ಅಲುಗಿಸದೆ ಆಸ್ಪತ್ರೆಗೆ ಹೊರಡು" ಅಂತ ಹೇಳೋರು ಬೇಕು. ಆ ಮಾತನ್ನು ಬಿಳಿ ಕೋಟಿನ ಡಾಕ್ಟರು ಹೇಳಿದರೆ ಅರ್ಧ ಊರು ನಂಬುತ್ತದೆ. ನಿನ್ನೆವರೆಗೆ ಮಂತ್ರ ಹಾಕುತ್ತಿದ್ದ ಹಾವಾಡಿಗನೇ ಹೇಳಿದರೆ ಇಡೀ ಊರು ನಂಬುತ್ತದೆ.

ಈಗ ನಮ್ಮ ಹಾಸ್ಟೆಲುಗಳ ಮಾತಿಗೆ ಬರೋಣ. ನಿಮ್ಮ ಹಾಸ್ಟೆಲಿನ ಹಾಜರಿ ಪುಸ್ತಕ ಒಮ್ಮೆ ತಿರುವಿ ನೋಡಿ. ಹಾವಾಡಿಗರ ಹುಡುಗ ಎಷ್ಟು ಜನ ಇದ್ದಾರೆ? ಯಾಕಿಲ್ಲ?

ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ನಡೆಯುವ ಮಾತು ಹೀಗೆ:

"ಯಾವೂರು?"

"ಊರಿಲ್ಲ ಸ್ವಾಮಿ, ಗುಡಾರ."

"ಊರಿಲ್ಲದೆ ಸರ್ಟಿಫಿಕೇಟು ಎಲ್ಲಿಂದ ಬರುತ್ತೆ? ನಿಮ್ಮಪ್ಪನ ಶಾಲೆ ದಾಖಲೆ ತಗೊಂಡು ಬಾ."

ಅಪ್ಪ ಶಾಲೆಗೆ ಹೋಗಿದ್ದರೆ ಮಗ ಈ ಕಿಟಕಿಯಲ್ಲಿ ನಿಲ್ಲುತ್ತಿದ್ದನಾ? ಒಂದೇ ಕಸುಬಿನವರನ್ನು ಇಲ್ಲಿ ಹಾವಾಡಿಗ ಅಂತಾರೆ, ಅಲ್ಲಿ ಗಾರುಡಿಗ ಅಂತಾರೆ, ತೆಲುಗು ಸೀಮೆಗೆ ಹೋದರೆ ಪಾಮುಲವಾಳ್ಳು. ಹೆಸರು ಬದಲಾದರೆ ಪಟ್ಟಿ ಬದಲಾಗುತ್ತದೆ, ಪಟ್ಟಿ ಬದಲಾದರೆ ಹಕ್ಕು ಬದಲಾಗುತ್ತದೆ. ಎಲ್ಲ ಕಡೆ ಹಸಿವು ಮಾತ್ರ ಒಂದೇ.

ಅಲೆಮಾರಿಗಳ ಲೆಕ್ಕ ಯಾವಾಗಲೂ ಕೊನೆಗೇ ಬರುತ್ತದೆ. 2025ರ ಆಗಸ್ಟಿನಲ್ಲಿ ನಮ್ಮ ರಾಜ್ಯದಲ್ಲಿ ಒಳಮೀಸಲಾತಿಯ ತೀರ್ಮಾನ ಆಯಿತು. ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಅಲೆಮಾರಿಗಳೇ ಹೆಚ್ಚಾಗಿರುವ 59 ಸಣ್ಣ ಜಾತಿಗಳಿಗೆ ಪ್ರತ್ಯೇಕವಾಗಿ ಶೇಕಡಾ 1 ಇಡಲು ಹೇಳಿತ್ತು. ಸಂಪುಟ 6, 6, 5 ಎಂದು ಮೂರು ಪಾಲು ಮಾಡಿ ಅಲೆಮಾರಿಗಳನ್ನು ಬಲಿತ ಜಾತಿಗಳ ಜೊತೆಗೆ ಆ 5ರೊಳಗೆ ತಳ್ಳಿತು. ಅವರು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದು ಕೂತರು. ಎಡ, ಬಲ ಎಂದು ನಮ್ಮ ನಮ್ಮಲ್ಲೇ ಪಾಲಿಗೆ ಕಿತ್ತಾಡುವಾಗ, ಪಾಲು ಕೇಳೋಕೂ ದನಿಯಿಲ್ಲದವರು ನಮ್ಮ ಬೆನ್ನ ಹಿಂದೆ ನಿಂತಿದ್ದಾರೆ ಅನ್ನೋದನ್ನು ನಾವು ಮರೆಯಬಾರದು. ಮೇಲಿನವರು ನಮ್ಮನ್ನು ನೋಡಿದ ಹಾಗೆ ನಾವು ಅವರನ್ನು ನೋಡಿದರೆ, ಸಂಘಟನೆ ಅನ್ನೋ ಪದವನ್ನು ನಮ್ಮ ಬ್ಯಾನರಿನಿಂದ ಅಳಿಸಿಬಿಡುವುದೇ ವಾಸಿ.

ಆದ್ದರಿಂದ ಭಾಷಣ ಸಾಕು, ಕೆಲಸದ ಮಾತು ಹೇಳುತ್ತೇವೆ. ನಿಮ್ಮ ಊರಿನ ಸಂತೆ ಮಾಳದಲ್ಲಿ, ಕೆರೆ ಏರಿಯಲ್ಲಿ ಯಾರ ಗುಡಾರ ಇದೆ ಅಂತ ಈ ರಜೆಯಲ್ಲಿ ಹೋಗಿ ನೋಡಿ. ಮಕ್ಕಳ ಹೆಸರು, ವಯಸ್ಸು ಬರೆದುಕೊಳ್ಳಿ. ಆರರಿಂದ ಹದಿನಾಲ್ಕರ ಯಾವ ಮಗುವನ್ನೂ ವಯಸ್ಸಿನ ದಾಖಲೆ ಇಲ್ಲ ಅಂತ ಶಾಲೆ ವಾಪಸ್ ಕಳಿಸುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಹೇಳುತ್ತದೆ. ಹೆಡ್‌ಮಾಸ್ಟರಿಗೆ ಅದನ್ನು ಓದಿ ಹೇಳಿ. ಜಾತಿ ಪ್ರಮಾಣಪತ್ರದ ಅರ್ಜಿ ನೀವೇ ಬರೆಯಿರಿ, ತಹಸೀಲ್ದಾರರ ಕಿಟಕಿಯಲ್ಲಿ ಅವರ ಪಕ್ಕ ನೀವೇ ನಿಲ್ಲಿ. ಇಂಗ್ಲಿಷು ಕಲಿತದ್ದು, ಬಿ.ಎ. ಮಾಡಿದ್ದು ಆ ಕಿಟಕಿಯಲ್ಲಿ ಉಪಯೋಗಕ್ಕೆ ಬರದಿದ್ದರೆ ಇನ್ನೆಲ್ಲಿ ಬರಬೇಕು? ಗುಡಾರದವರು ನಿಮ್ಮನ್ನು ಮೊದಲ ದಿನ ನಂಬುವುದಿಲ್ಲ. ಪೆನ್ನು ಹಿಡಿದು ಬಂದವರೆಲ್ಲ ಅವರನ್ನು ಎಬ್ಬಿಸೋಕೇ ಬಂದವರು. ಎರಡನೇ ದಿನವೂ ಹೋಗಿ, ಮೂರನೇ ದಿನವೂ ಹೋಗಿ.

ಪುಂಗಿ ವಸ್ತುಸಂಗ್ರಹಾಲಯಕ್ಕೆ ಹೋಗಲಿ, ನಮಗೆ ದುಃಖವಿಲ್ಲ. ಹಾವು ತನ್ನ ಹುತ್ತಕ್ಕೆ, ತನ್ನ ಬೇಲಿಗೆ ಹೋಗಲಿ, ಸಂತೋಷ. ಆ ಬುಟ್ಟಿ ಹೊತ್ತ ತಲೆ ಎಲ್ಲಿಗೆ ಹೋಗಬೇಕು ಅನ್ನೋದಕ್ಕೆ ನಮ್ಮ ಉತ್ತರ ಒಂದೇ, ನಮ್ಮ ಹಾಸ್ಟೆಲಿಗೆ. ಬರುವ ಜೂನಿನಲ್ಲಿ ಸೇರ್ಪಡೆಯ ಅರ್ಜಿ ಕೊಡುವಾಗ ಅವರ ಮಕ್ಕಳ ಅರ್ಜಿಯೂ ಆ ಕಟ್ಟಿನಲ್ಲಿ ಇರಬೇಕು. ಊರು ಎಂಬ ಕಡೆ ಖಾಲಿ ಬಿಡಬೇಡಿ. ಗುಡಾರ ಹಾಕಿರುವ ಜಾಗದ ಹೆಸರು ಬರೆಯಿರಿ. ಅದೇ ಅವರ ಊರು ಎಂದು ವಾದ ಮಾಡಿ.